ಕಾರಿನ ಇಸಿಯು ಬಿಟ್ಟು ಸರ್ಜಿಕಲ್ ರೋಬೋಟ್ ಕಡೆಗೆ ಹೊರಟವರಿಗೆ: ಯಾವ ಕಂಪನಿ, ಯಾವ ಕೆಲಸ?

ಬೆಂಗಳೂರಿನಲ್ಲಿ ಎಂಬೆಡೆಡ್ (ಯಂತ್ರದೊಳಗಿನ ಪುಟ್ಟ ಕಂಪ್ಯೂಟರಿಗೆ ಕೋಡ್ ಬರೆಯುವುದು) ಅಂದರೆ ಹೆಚ್ಚಿನವರಿಗೆ ಕಾರಿನ ಕೆಲಸವೇ, ಅಂದರೆ ಕಾರಿನ ಒಂದೊಂದು ಭಾಗವನ್ನು ನಡೆಸುವ ಇಸಿಯು ಎಂಬ ಕಂಪ್ಯೂಟರಿನ ಕೆಲಸ. ಬ್ರೇಕ್, ಸ್ಟೀರಿಂಗ್, ಬ್ಯಾಟರಿ, ಡ್ಯಾಶ್‌ಬೋರ್ಡ್. ನಾನೂ ಆರು ವರ್ಷ ಅದನ್ನೇ ಮಾಡಿದೆ. ಸರ್ಜನ್ ಕೈ ಆಡಿಸಿದಂತೆ ರೋಗಿಯ ದೇಹದೊಳಗೆ ಉಪಕರಣ ಆಡಿಸುವ ಸರ್ಜಿಕಲ್ ರೋಬೋಟ್ ಕಡೆ ಬಂದು ಈಗ ಒಂಬತ್ತು ವರ್ಷ. ಈಚೆಗೆ ತಿಂಗಳಿಗೊಬ್ಬರಾದರೂ ಫೋನ್ ಮಾಡಿ ಕೇಳುತ್ತಾರೆ: "ಸಾರ್, ಎರಡು ಆಫರ್ ಇದೆ. ಒಂದು ಕಾರಿನದು, ಒಂದು ರೋಬೋಟಿನದು. ಯಾವುದಕ್ಕೆ ಹೋಗಲಿ?" ಹತ್ತು ನಿಮಿಷದ ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಅಳತೆಗೋಲನ್ನು ಮೊದಲೇ ಹೇಳಿಬಿಡುತ್ತೇನೆ. ಸಂಬಳ, ಹುದ್ದೆ, ಮನೆಯಿಂದ ದೂರ ಎಲ್ಲವನ್ನೂ ನೀವೇ ತೂಗಿ ನೋಡುತ್ತೀರಿ. ನಾನು ನೋಡುವುದು ಒಂದನ್ನೇ: ನೀವು ಬರೆದ ಕೋಡ್ ಕೈಕೊಟ್ಟರೆ ಮುಂದೇನಾಗುತ್ತದೆ ಎಂಬ ಪ್ರಶ್ನೆಗೆ ಉತ್ತರ ಹುಡುಕುವ ಕೆಲಸ ನಿಮ್ಮದೋ, ಇಲ್ಲ ಬೇರೆ ಯಾರೋ ಬೇರೆ ಊರಿನಲ್ಲಿ ಅದನ್ನು ಮುಗಿಸಿ, ಉಳಿದದ್ದನ್ನಷ್ಟೇ ನಿಮಗೆ ಕಳಿಸುತ್ತಾರೋ?

ಕಾರೋ, ರೋಬೋಟೋ?

ಮೇಲ್ನೋಟಕ್ಕೆ ಎರಡೂ ಒಂದೇ. ಸಿ ಭಾಷೆ, ಅದನ್ನು ಸುರಕ್ಷಿತವಾಗಿ ಬರೆಯುವ ಮಿಸ್ರಾ ನಿಯಮಗಳು, ಆರ್‌ಟಿಒಎಸ್ (ಕಾಲಕ್ಕೆ ಸರಿಯಾಗಿ ಕೆಲಸ ನಡೆಸುವ ಆಪರೇಟಿಂಗ್ ಸಿಸ್ಟಮ್), ವಾಚ್‌ಡಾಗ್ (ಕೋಡ್ ಸಿಕ್ಕಿಕೊಂಡರೆ ಎಚ್ಚರಿಸುವ ಟೈಮರ್), ಮೋಟರ್, ಸೆನ್ಸರ್. ಕಾರಿನವರಿಗೆ ಸುರಕ್ಷತೆಯ ಮಾನದಂಡ ಐಎಸ್‌ಒ 26262 ಇದ್ದ ಹಾಗೆ ನಮಗೆ ವೈದ್ಯಕೀಯ ಸಾಫ್ಟ್‌ವೇರಿನ ಮಾನದಂಡ ಐಇಸಿ 62304. ಅಲ್ಲಿ ಅಪಾಯಕ್ಕೆ ತಕ್ಕಂತೆ ಎ ಯಿಂದ ಡಿ ತನಕ ಎಎಸ್‌ಐಎಲ್ ಎಂಬ ಮಟ್ಟಗಳು. ಇಲ್ಲಿ ಎ, ಬಿ, ಸಿ ಎಂಬ ಮೂರು ವರ್ಗಗಳು. ಸಾವಿಗೋ ಗಂಭೀರ ಗಾಯಕ್ಕೋ ಕಾರಣವಾಗಬಲ್ಲ ಸಾಫ್ಟ್‌ವೇರ್ ಸಿ ವರ್ಗದ್ದು. ಹಾಗಾಗಿ ಕಾರಿನಲ್ಲಿ ಕಲಿತದ್ದು ಯಾವುದೂ ದಂಡವಾಗುವುದಿಲ್ಲ.

ವ್ಯತ್ಯಾಸ ಗೊತ್ತಾಗುವುದು "ಏನಾದರೂ ಕೆಟ್ಟರೆ ನಿಲ್ಲಿಸಿಬಿಡು" ಅನ್ನುವಾಗ. ಕಾರಿನ ಎಷ್ಟೋ ಇಸಿಯುಗಳಲ್ಲಿ ಈ ಮಾತು ನಡೆಯುತ್ತದೆ. ಪವರ್ ಸ್ಟೀರಿಂಗ್ ಸೆನ್ಸರ್ ಕೆಟ್ಟಿತು ಅನ್ನಿ. ಮೋಟರ್ ನಿಲ್ಲಿಸಿ, ಕೆಂಪು ದೀಪ ಹಾಕಿದರೆ ಸ್ಟೀರಿಂಗ್ ಭಾರವಾಗುತ್ತದೆ, ನಿಜ. ಆದರೂ ಚಾಲಕ ಗಾಡಿಯನ್ನು ರಸ್ತೆ ಬದಿಗೆ ತರಬಹುದು. ಸರ್ಜಿಕಲ್ ರೋಬೋಟಿಗೆ ರಸ್ತೆ ಬದಿ ಇಲ್ಲ. ಎಂಟು ಮಿಲಿಮೀಟರ್ ದಪ್ಪದ ಉಪಕರಣ ರೋಗಿಯ ಹೊಟ್ಟೆಯೊಳಗಿದೆ, ಅದರ ತುದಿ ಯಾವುದೋ ಅಂಗಾಂಶವನ್ನು ಕಚ್ಚಿ ಹಿಡಿದಿದೆ. ಮೋಟರಿನ ಕರೆಂಟ್ ತೆಗೆದರೆ ತೋಳು ತನ್ನ ಭಾರಕ್ಕೆ ತಾನೇ ಕುಸಿಯುತ್ತದೆ. ಅದಕ್ಕೆಂದೇ ಭಾರ ಹೊರುವ ಕೀಲುಗಳಿಗೆ ಸ್ಪ್ರಿಂಗ್ ಬ್ರೇಕ್ ಇರುತ್ತದೆ. ಕರೆಂಟ್ ಇದ್ದರೆ ಬಿಟ್ಟುಕೊಳ್ಳುತ್ತದೆ, ಹೋದರೆ ಕಚ್ಚಿಕೊಳ್ಳುತ್ತದೆ. ಸರಿ, ತೋಳು ನಿಂತಿತು. ತುದಿ ಕಚ್ಚಿ ಹಿಡಿದದ್ದನ್ನು ಬಿಡಿಸುವವರು ಯಾರು? ಡಾ ವಿಂಚಿ ರೋಬೋಟಿನ ಜೊತೆ, ತುದಿಯ ಹಿಡಿತವನ್ನು ಕೈಯಿಂದ ಬಿಡಿಸಲಿಕ್ಕೆಂದೇ ಒಂದು ಪುಟ್ಟ ಸಾಧನ ಕೊಡುತ್ತಾರೆ. ಓಟಿಯಲ್ಲಿ (ಆಪರೇಷನ್ ಥಿಯೇಟರಿನಲ್ಲಿ) ಅದು ಕೈಗೆಟಕುವ ಹಾಗೆ ಇರಲೇಬೇಕು. ಫರ್ಮ್‌ವೇರ್ (ಯಂತ್ರದೊಳಗೆ ಕೂರುವ ಕೋಡ್) ಬರೆಯುವಾಗ ನಿಮ್ಮ ತಲೆಯಲ್ಲಿ ಆ ಸಾಧನ, ಅದನ್ನು ಹಿಡಿದ ಸಿಸ್ಟರ್, ಪಕ್ಕದಲ್ಲಿರುವ ಅರಿವಳಿಕೆ ವೈದ್ಯರು ಎಲ್ಲರೂ ಇರಬೇಕಾಗುತ್ತದೆ. ಕಾರಿನ ಕೆಲಸದಲ್ಲಿ ನಾನು ಹೀಗೆ ಯೋಚಿಸಿದ್ದೇ ಇಲ್ಲ.

ಇನ್ನೊಂದು ವ್ಯತ್ಯಾಸ ಸಂಖ್ಯೆಯದು. ಒಂದು ಕಾರಿನ ಮಾಡೆಲ್ ಲಕ್ಷಗಟ್ಟಲೆ ಮಾರಾಟವಾಗುತ್ತದೆ; ಮೈಕ್ರೋಕಂಟ್ರೋಲರ್‌ನಲ್ಲಿ ಒಂದು ರೂಪಾಯಿ ಉಳಿಸಲು ಮೀಟಿಂಗ್ ಮೇಲೆ ಮೀಟಿಂಗ್ ನಡೆಯುತ್ತದೆ. ಇಡೀ ಜಗತ್ತಿನಲ್ಲಿ ಅತಿ ಹೆಚ್ಚು ಹರಡಿರುವ ಡಾ ವಿಂಚಿ ಕೂಡ 2024ರ ಕೊನೆಗೆ ಸುಮಾರು 9,900 ಮಾತ್ರ. ಆದ್ದರಿಂದ ನಮಗೆ ದೊಡ್ಡ ಎಫ್‌ಪಿಜಿಎ (ಬೇಕಾದಂತೆ ರೂಪಿಸಿಕೊಳ್ಳಬಹುದಾದ ಚಿಪ್), ಒಳ್ಳೆಯ ಎನ್‌ಕೋಡರ್ (ಎಷ್ಟು ತಿರುಗಿತೆಂದು ಅಳೆಯುವ ಸೆನ್ಸರ್), ಬೇಕಾದಷ್ಟು ಮೆಮೊರಿ ಎಲ್ಲ ಸಿಗುತ್ತದೆ. ಆದರೆ ಲಕ್ಷ ಗಾಡಿಗಳು ದಿನಾ ಓಡುವಾಗ ತಾನಾಗಿಯೇ ಮೇಲೆ ಬರುವ ಅಪರೂಪದ ಬಗ್, ನಮ್ಮಲ್ಲಿ ವರ್ಷಗಟ್ಟಲೆ ಅಡಗಿ ಕೂರಬಹುದು. ಅದನ್ನು ಲ್ಯಾಬಿನ ಬೆಂಚಿನ ಮೇಲೆಯೇ ಹಿಡಿಯಬೇಕು.

ವೇಗದ ಬಗ್ಗೆ ಮುಚ್ಚುಮರೆ ಬೇಡ. ಸಿ ವರ್ಗದ ಕೋಡಿನಲ್ಲಿ ಒಂದು ಸಾಲು ಬದಲಿಸಲು ನನಗೆ ಮೂರು ವಾರ ಹಿಡಿದದ್ದುಂಟು: ಬದಲಾವಣೆಯ ಕೋರಿಕೆ, ಅಪಾಯದ ವಿಶ್ಲೇಷಣೆಯ ಮೇಲೆ ಅದರ ಪರಿಣಾಮ, ವಿನ್ಯಾಸದ ದಾಖಲೆ, ರಿವ್ಯೂ, ಯುನಿಟ್ ಟೆಸ್ಟ್, ಮತ್ತೆ ಇಡೀ ರಿಗ್ರೆಷನ್, ಅಂದರೆ ಹಳೆಯ ಟೆಸ್ಟ್‌ಗಳೆಲ್ಲ ಮತ್ತೊಮ್ಮೆ. ಬೆಳಿಗ್ಗೆ ಬರೆದದ್ದನ್ನು ಸಂಜೆ ರಿಲೀಸ್ ಮಾಡುವ ಅಭ್ಯಾಸದವರಿಗೆ ಮೊದಲ ವರ್ಷ ಉಸಿರುಗಟ್ಟುತ್ತದೆ.

ಹಾಗಾದರೆ ಯಾರು ಬರಬೇಕು? ಆಟೋಸಾರ್ ಎಂಬ ಕಾರಿನ ಸಾಫ್ಟ್‌ವೇರ್ ಚೌಕಟ್ಟಿನ ಟೂಲಿನಲ್ಲಿ ಡಬ್ಬಿ ತುಂಬುವುದರಲ್ಲೇ ದಿನ ಕಳೆಯುತ್ತಿದ್ದು, ಮೋಟರ್ ತಿರುಗಿದ್ದನ್ನು ಕಣ್ಣಾರೆ ಕಾಣದವರು ಖಂಡಿತ ಬನ್ನಿ. ಕಾರಿನಲ್ಲೇ ನಿಮಗೆ ಒಳ್ಳೆಯ ಕಂಟ್ರೋಲ್ ಕೆಲಸ ಸಿಗುತ್ತಿದ್ದರೆ, 'ಮೆಡಿಕಲ್' ಎಂಬ ಹೆಸರಿಗಾಗಿ ಮಾತ್ರ ಅದನ್ನು ಬಿಡಬೇಡಿ. ನಡುವಿನ ದಾರಿಯೂ ಇದೆ. ಜಿಇ, ಫಿಲಿಪ್ಸ್, ಸೀಮೆನ್ಸ್ ಹೆಲ್ದಿನಿಯರ್ಸ್‌ನಂಥವರು ಬೆಂಗಳೂರಿನಲ್ಲಿ ಬಹಳ ವರ್ಷದಿಂದ ವೈದ್ಯಕೀಯ ಯಂತ್ರಗಳ ಕೆಲಸ ನಡೆಸುತ್ತಿದ್ದಾರೆ. ಅಂಥ ಕಡೆ ಎರಡು ವರ್ಷ ಕಳೆದು, 62304 ಮತ್ತು ಅಪಾಯ ನಿರ್ವಹಣೆಯ ಐಎಸ್‌ಒ 14971 ಕೈಗೆ ಹತ್ತಿಸಿಕೊಂಡು ಆಮೇಲೆ ರೋಬೋಟಿಗೆ ಬಂದವರು ನನ್ನ ತಂಡದಲ್ಲಿ ಬೇಗ ನೆಲೆಯೂರಿದ್ದಾರೆ.

ಮೂರು ಬಗೆಯ ಕಂಪನಿಗಳು

ಮೊದಲನೆಯದು ಎಂಜಿನಿಯರಿಂಗ್ ಸರ್ವಿಸಸ್ ಕಂಪನಿಗಳು, ಅಂದರೆ ಬೇರೆ ಕಂಪನಿಗಳಿಗೆ ಕೆಲಸ ಮಾಡಿಕೊಡುವವರು. ಟಾಟಾ ಎಲ್ಕ್ಸಿ, ಎಲ್ ಆ್ಯಂಡ್ ಟಿ ಟೆಕ್ನಾಲಜಿ ಸರ್ವಿಸಸ್ ತರಹದವು. ಒಳಗೆ ಬರಲು ಇದೇ ಸಲೀಸು ಬಾಗಿಲು, ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಇದ್ದುಕೊಂಡೇ ಮಾಡಬಹುದು. ತೊಡಕೆಂದರೆ, ರೋಬೋಟ್ ಗ್ರಾಹಕರ ಬಳಿ ಇರುತ್ತದೆ, ನಿಮ್ಮ ಬಳಿ ಒಂದು ಬೋರ್ಡ್ ಮಾತ್ರ ಇರಬಹುದು. ಪ್ರಾಜೆಕ್ಟ್ ಮುಗಿದರೆ ಮತ್ತೆ ಕಾರಿಗೋ ಟಿವಿ ಬಾಕ್ಸಿಗೋ ಹಾಕಬಹುದು. ಎರಡು ವರ್ಷಕ್ಕೆ ಒಳ್ಳೆಯದು. ನಾಲ್ಕನೆಯ ವರ್ಷಕ್ಕೆ ಬೇಡ.

ಎರಡನೆಯದು ವಿದೇಶಿ ಕಂಪನಿಗಳ ಇಲ್ಲಿನ ಕೇಂದ್ರಗಳು. ಹ್ಯೂಗೋ ರೋಬೋಟ್ ಮಾಡುವ ಮೆಡ್‌ಟ್ರಾನಿಕ್‌ನ ದೊಡ್ಡ ಕೇಂದ್ರ ಹೈದರಾಬಾದಿನಲ್ಲಿದೆ. ಮೂಳೆ ಶಸ್ತ್ರಚಿಕಿತ್ಸೆಯ ಮೇಕೋ ರೋಬೋಟಿನ ಸ್ಟ್ರೈಕರ್‌ಗೆ ಗುರುಗ್ರಾಮದಲ್ಲಿದೆ. ಸಂಬಳ ಚೆನ್ನಾಗಿರುತ್ತದೆ, ಪದ್ಧತಿ ಗಟ್ಟಿಯಾಗಿರುತ್ತದೆ, ಒಂದು ಯಂತ್ರ ಹತ್ತು ವರ್ಷ ಮಾರುಕಟ್ಟೆಯಲ್ಲಿ ಬಾಳುವುದೆಂದರೆ ಏನೆಂದು ಕಲಿಯುತ್ತೀರಿ. ಇಂಥ ಯಾವುದೇ ಕೇಂದ್ರಕ್ಕೆ ಹೋಗುವ ಮುನ್ನ ತಿಳಿಯಬೇಕಾದದ್ದು, ಇಲ್ಲಿನ ತಂಡಕ್ಕೆ ಯಾವ ಭಾಗ ಪೂರ್ತಿಯಾಗಿ ಸೇರಿದೆ ಎಂಬುದು. "ತೋಳಿನ ಜಾಯಿಂಟ್ ಕಂಟ್ರೋಲರ್ ನಮ್ಮದು, ರಿಲೀಸ್ ಸಹಿ ನಮ್ಮದು" ಅಂದರೆ ಕಣ್ಣುಮುಚ್ಚಿ ಸೇರಿ. "ನಾವು ಅಲ್ಲಿನ ತಂಡಕ್ಕೆ ಸಪೋರ್ಟ್ ಮಾಡುತ್ತೇವೆ" ಅಂದರೆ, ಆ ಸಪೋರ್ಟ್ ಅಂದರೇನು ಅಂತ ಇನ್ನೂ ಎರಡು ಪ್ರಶ್ನೆ ಕೇಳಿ.

ಮೂರನೆಯದು ಇಲ್ಲಿಯೇ ರೋಬೋಟ್ ಕಟ್ಟುವವರು. ಗುರುಗ್ರಾಮದ ಎಸ್‌ಎಸ್ ಇನ್ನೋವೇಷನ್ಸ್‌ನ ಎಸ್‌ಎಸ್‌ಐ ಮಂತ್ರ ಈಗ ಮನೆಮಾತು. ವಾಪಿಯ ಮೆರಿಲ್ 2025ರಲ್ಲಿ ಮೃದು ಅಂಗಾಂಶದ ಶಸ್ತ್ರಚಿಕಿತ್ಸೆಗೆ ತನ್ನ ಮಿಝೋ ರೋಬೋಟ್ ತಂದಿತು. ಚೆನ್ನೈನ ಪರ್ಫಿಂಟ್, ಸಿಟಿ ಸ್ಕ್ಯಾನ್ ನೋಡಿಕೊಂಡು ಸೂಜಿಗೆ ದಾರಿ ತೋರಿಸುವ ರೋಬೋಟಿನಲ್ಲಿ ಬಹಳ ಹಿಂದೆಯೇ ಕೈಹಾಕಿದವರು. ಇಂಥ ಕಡೆ ಹೋದರೆ ಬೆಂಗಳೂರು ಬಿಡಬೇಕಾಗಬಹುದು. ಮಕ್ಕಳ ಶಾಲೆ, ವಯಸ್ಸಾದ ಅಪ್ಪ ಅಮ್ಮ ಇರುವವರಿಗೆ ಇದು ಸಣ್ಣ ಮಾತಲ್ಲ. ಹೊಸ ಕಂಪನಿಯಾದರೆ ಹಣ ನಿಂತುಹೋಗುವ ಭಯವೂ ಇದ್ದೇ ಇದೆ. ಆದರೂ ನನ್ನ ಮನಸ್ಸು ವಾಲುವುದು ಈ ಕಡೆಗೇ. ಮೆಕ್ಯಾನಿಕಲ್‌ನವರು ಪಕ್ಕದ ಮೇಜಿನಲ್ಲಿ, ಸರ್ಜನ್ ವಾರಕ್ಕೊಮ್ಮೆ ಲ್ಯಾಬಿನಲ್ಲಿ, ಇಡೀ ತೋಳು ನಿಮ್ಮ ಮುಂದೆ.

ಸರ್ಜನ್ ಹತ್ತಿರವಿದ್ದರೆ ಆಗುವ ಲಾಭ ಎಂಥದ್ದೆಂದು ಒಂದು ಉದಾಹರಣೆ. ತೋಳನ್ನು ಕೈಯಿಂದ ಸರಿಸಲು ಒಂದು ಕ್ಲಚ್ ಬಟನ್ ಇರುತ್ತದೆ. ಒತ್ತಿ ಹಿಡಿದರೆ ತೋಳು ಹಗುರಾಗುತ್ತದೆ, ಬಿಟ್ಟರೆ ನಿಲ್ಲುತ್ತದೆ. ಅದರ ಡಿಬೌನ್ಸ್ ಕೋಡ್ (ಬಟನ್ನಿನ ಅದುರನ್ನು ಸೋಸಿ, ನಿಜವಾಗಿ ಒತ್ತಿದ್ದನ್ನಷ್ಟೇ ಗುರುತಿಸುವುದು) ನನ್ನದು, ಬೆಂಚಿನ ಮೇಲೆ ಸಾವಿರ ಸಲ ಒತ್ತಿ ನೋಡಿದ್ದೆ. ಮೊದಲ ಸಲ ಓಟಿಯಲ್ಲಿ ನಿಂತು ನೋಡಿದಾಗ ಗೊತ್ತಾಯಿತು, ಸಿಸ್ಟರ್ ಆ ಬಟನ್ನನ್ನು ಬೆರಳಿನಿಂದ ಒತ್ತುವುದೇ ಇಲ್ಲ. ತೋಳಿಗೆ ಸ್ಟೆರೈಲ್ ಪ್ಲಾಸ್ಟಿಕ್ ಹೊದಿಸಿರುತ್ತಾರೆ, ಅವರ ಕೈಗೆ ಎರಡು ಜೊತೆ ಗ್ಲೌಸ್. ಅವರು ಅಂಗೈಯ ಬುಡದಿಂದ ಅದುಮಿ ಎಳೆಯುತ್ತಿದ್ದರು. ಪ್ಲಾಸ್ಟಿಕ್ ಒಂದಿಷ್ಟು ಜಾರಿದಾಗಲೆಲ್ಲ ಬಟನ್ ಒಂದು ಕ್ಷಣ ಬಿಟ್ಟುಕೊಂಡು, ತೋಳು ಗಕ್ಕನೆ ನಿಂತು, ಮತ್ತೆ ಹಗುರಾಗಿ, ಮತ್ತೆ ನಿಲ್ಲುತ್ತಿತ್ತು. ಅವರು ದೂರಲಿಲ್ಲ. ಯಂತ್ರ ಇರುವುದೇ ಹೀಗೆ ಅಂದುಕೊಂಡು ಇನ್ನಷ್ಟು ಬಲ ಹಾಕಿ ಎಳೆಯುತ್ತಿದ್ದರು. ಯಾವ ಬಗ್ ರಿಪೋರ್ಟಿನಲ್ಲೂ ಇದು ಬರುತ್ತಿರಲಿಲ್ಲ.

ಯಾವ ಕೆಲಸಕ್ಕೆ ಕೈಹಾಕಬೇಕು?

ಕಂಪನಿ ಆರಿಸಿದ ಮೇಲೂ ಆಯ್ಕೆ ಮುಗಿಯುವುದಿಲ್ಲ. ಆಫರ್ ಲೆಟರ್‌ನಲ್ಲಿ 'ಎಂಬೆಡೆಡ್ ಸಾಫ್ಟ್‌ವೇರ್ ಎಂಜಿನಿಯರ್' ಅಂತಲೇ ಇರುತ್ತದೆ, ಆದರೆ ಒಳಗೆ ಕೆಲಸಗಳು ಬೇರೆ ಬೇರೆ.

ಮೋಟರ್ ಕಂಟ್ರೋಲ್ ಕಣ್ಣಿಗೆ ಕಾಣುವ ಕೆಲಸ. ಮೋಟರಿನ ಕರೆಂಟ್ ಅಳೆದು ತಿದ್ದುವ ಕರೆಂಟ್ ಲೂಪ್ ಸೆಕೆಂಡಿಗೆ 20,000 ಸಲ ಸುತ್ತುತ್ತದೆ ಅನ್ನಿ, ಅಂದರೆ ಪ್ರತಿ ಸುತ್ತಿಗೂ ನಿಮ್ಮ ಕೈಯಲ್ಲಿ 50 ಮೈಕ್ರೋಸೆಕೆಂಡ್. ಅದರ ಮೇಲೆ ಸೆಕೆಂಡಿಗೆ ಸಾವಿರ ಸಲದ ಪೊಸಿಷನ್ ಲೂಪ್. ಸರ್ಜನ್ ಕೈ ಮೂರು ಸೆಂಟಿಮೀಟರ್ ಸರಿದರೆ ಉಪಕರಣದ ತುದಿ ಒಂದೇ ಸೆಂಟಿಮೀಟರ್ ಸರಿಯಬೇಕು, ಕೈನಡುಕ ದಾಟಬಾರದು. ಉಪಕರಣದ ತುದಿಯನ್ನು ಎಳೆಯುವುದು ಸಣ್ಣ ಲೋಹದ ತಂತಿಗಳು. ಅವು ಹಿಗ್ಗುತ್ತವೆ, ಉಜ್ಜುತ್ತವೆ. ಬ್ರೇಕ್ ಬಿಟ್ಟು ಮೋಟರ್ ಭಾರ ವಹಿಸಿಕೊಳ್ಳುವ ಆ ಒಂದು ಕ್ಷಣದಲ್ಲಿ ತೋಳು ಒಂದೆರಡು ಮಿಲಿಮೀಟರ್ ಜಗ್ಗದಂತೆ ನೋಡಿಕೊಳ್ಳುವುದಕ್ಕೇ ತಿಂಗಳುಗಟ್ಟಲೆ ಹಿಡಿಯುತ್ತದೆ. ಗಣಿತ ಇಷ್ಟವಿದ್ದು, ಆಸಿಲೋಸ್ಕೋಪ್ ಮುಂದೆ ಗಂಟೆಗಟ್ಟಲೆ ಕೂರುವವರಾದರೆ ಇದಕ್ಕಿಂತ ಚೆಂದದ ಕೆಲಸ ಕಾಣೆ.

ಸಂವಹನ ಮತ್ತು ರಿಯಲ್-ಟೈಮ್ ಕೆಲಸ ಅಂದರೆ ಬೋರ್ಡುಗಳ ನಡುವೆ ಮಾಹಿತಿ ಸಾಗಿಸುವ ಈಥರ್‌ಕ್ಯಾಟ್ ತರಹದ ಬಸ್, ಕ್ಯೂಎನ್‌ಎಕ್ಸ್ ಅಥವಾ ಲಿನಕ್ಸ್‌ನಂಥ ಆಪರೇಟಿಂಗ್ ಸಿಸ್ಟಮ್, ಕಾಲಕ್ಕೆ ಸರಿಯಾಗಿ ಬಾರದ ಪ್ಯಾಕೆಟ್ಟನ್ನು ಏನು ಮಾಡಬೇಕೆಂಬ ನಿರ್ಧಾರ. 2024ರಲ್ಲಿ, ಲಿನಕ್ಸನ್ನು ರಿಯಲ್-ಟೈಮ್ ಮಾಡುವ ಪ್ರಿಎಂಪ್ಟ್-ಆರ್‌ಟಿ ಲಿನಕ್ಸ್ 6.12ರ ಮುಖ್ಯ ಕರ್ನಲ್‌ಗೇ ಸೇರಿದ ಮೇಲೆ ಇದನ್ನು ಮನೆಯಲ್ಲೇ ಕಲಿಯುವುದು ಸುಲಭವಾಗಿದೆ. ದೂರಶಸ್ತ್ರಚಿಕಿತ್ಸೆಯಿಂದ ಈ ಕೆಲಸಕ್ಕೆ ಬೇಡಿಕೆಯೂ ಬಂದಿದೆ. 2001ರ ಸೆಪ್ಟೆಂಬರ್ 7ರಂದು ನ್ಯೂಯಾರ್ಕಿನಲ್ಲಿ ಕುಳಿತು ಜಾಕ್ ಮಾರೆಸ್ಕೊ ಅವರು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿದ್ದ ರೋಗಿಯ ಪಿತ್ತಕೋಶ ತೆಗೆದಾಗ, ಕೈ ಆಡಿಸಿದ್ದು ತೆರೆಯ ಮೇಲೆ ಕಾಣಲು ಸರಾಸರಿ 155 ಮಿಲಿಸೆಕೆಂಡ್ ಹಿಡಿಯುತ್ತಿತ್ತು. 2025ರ ಜನವರಿಯಲ್ಲಿ ಎಸ್‌ಎಸ್‌ಐ ಮಂತ್ರದ ಮೂಲಕ ಗುರುಗ್ರಾಮದಿಂದ ಜೈಪುರದ ರೋಗಿಗೆ ಹೃದಯ ಶಸ್ತ್ರಚಿಕಿತ್ಸೆ ನಡೆಯಿತು.

ಕ್ಯಾಮೆರಾ, ತೆರೆ, ಸರ್ಜನ್ ಕನ್ಸೋಲಿನ ಸಾಫ್ಟ್‌ವೇರ್ ಸಿ++ ಮತ್ತು ಗ್ರಾಫಿಕ್ಸ್ ಬಲ್ಲವರಿಗೆ. ಅದು ನನ್ನ ಹೊಲವಲ್ಲ.

ನಾನು ನಿಮ್ಮನ್ನು ಹೆಚ್ಚು ಒತ್ತಾಯಿಸುವುದು ಸೇಫ್ಟಿ ಕೆಲಸಕ್ಕೆ. ಹೊಸಬರು ಇದನ್ನು ಕಾಗದದ ಕೆಲಸ ಅಂದುಕೊಂಡು ದೂರ ಸರಿಯುತ್ತಾರೆ. ಥೆರಾಕ್-25 ಎಂಬ ವಿಕಿರಣ ಚಿಕಿತ್ಸಾ ಯಂತ್ರದ ಕಥೆ ಓದಿ. 1985ರಿಂದ 1987ರ ನಡುವೆ ಉತ್ತರ ಅಮೆರಿಕದಲ್ಲಿ ಆರು ರೋಗಿಗಳಿಗೆ ಮಿತಿಮೀರಿದ ವಿಕಿರಣ ಬಡಿಯಿತು. ಹಿಂದಿನ ಮಾಡೆಲ್‌ನಲ್ಲಿ ಹಾರ್ಡ್‌ವೇರ್ ಇಂಟರ್‌ಲಾಕ್ ಇತ್ತು. ಇದರಲ್ಲಿ ಆ ಭಾರವನ್ನು ಸಾಫ್ಟ್‌ವೇರ್ ಮೇಲೆ ಹಾಕಿದ್ದರು. ಅದರಲ್ಲೊಂದು ತಪ್ಪು ಎಂಥದ್ದು ಗೊತ್ತೇ? 'ಪರೀಕ್ಷೆ ಬಾಕಿ ಇದೆ' ಎಂದು ಸೂಚಿಸಲು ಒಂದು ಬೈಟಿನ ವೇರಿಯಬಲ್. ಅದಕ್ಕೆ 1 ಎಂದು ಬರೆಯುವ ಬದಲು ಪ್ರತಿ ಸುತ್ತಿಗೂ ಒಂದೊಂದು ಕೂಡಿಸುತ್ತಿದ್ದರು. 256ನೇ ಸುತ್ತಿಗೆ ಅದು ಸೊನ್ನೆಯಾಗುತ್ತಿತ್ತು, ಸೊನ್ನೆ ಅಂದರೆ ಪರೀಕ್ಷೆ ಬೇಡ ಎಂದರ್ಥ. ಸರಿಯಾಗಿ ಅದೇ ಕ್ಷಣಕ್ಕೆ ಆಪರೇಟರ್ ಕೀಲಿ ಒತ್ತಿದರೆ ಯಂತ್ರ ತನ್ನ ಜಾಗ ನೋಡಿಕೊಳ್ಳದೆ ಕಿರಣ ಹಾರಿಸುತ್ತಿತ್ತು. ನೀವೂ ನಾನೂ ನಿದ್ದೆಗಣ್ಣಿನಲ್ಲಿ ಬರೆಯಬಹುದಾದ ಸಾಲು ಅದು. ಕೋಡ್ ರಿವ್ಯೂನಲ್ಲಿ ಪ್ಲಸ್ ಪ್ಲಸ್ ಕಂಡಾಗಲೆಲ್ಲ ನಾನು ಇವತ್ತಿಗೂ ನಿಂತು ಓದುತ್ತೇನೆ.

ಸೇಫ್ಟಿ ಕೆಲಸದ ಇನ್ನೊಂದು ಮುಖವನ್ನು ನಾನೇ ಕಂಡಿದ್ದೇನೆ. ನಮ್ಮ ತೋಳಿನ ಪ್ರತಿ ಕೀಲಿಗೂ ಎರಡು ಎನ್‌ಕೋಡರ್: ಒಂದು ಮೋಟರಿನ ಹಿಂದೆ, ಇನ್ನೊಂದು ಕೀಲಿನ ಮೇಲೆ. ಎರಡರ ಲೆಕ್ಕ ತಾಳೆಯಾಗದಿದ್ದರೆ ತೋಳು ನಿಲ್ಲಬೇಕು. ಎಷ್ಟು ವ್ಯತ್ಯಾಸ, ಎಷ್ಟು ಹೊತ್ತು ಎಂಬ ಎರಡು ಅಂಕಿಗಳನ್ನು ಲ್ಯಾಬಿನಲ್ಲಿ ಅಳೆದು ಇಟ್ಟವನು ನಾನು. ಒಂದು ಆಸ್ಪತ್ರೆಯಿಂದ ಲಾಗ್ ಬಂತು. ಶಸ್ತ್ರಚಿಕಿತ್ಸೆಯ ನಡುವೆ ಮೂರನೇ ತೋಳು ಎರಡು ಸಲ ನಿಂತಿತ್ತು. ಎರಡನೇ ಸಲ ವೈದ್ಯರು ರೋಬೋಟ್ ಸರಿಸಿ, ಉಳಿದದ್ದನ್ನು ಮಾಮೂಲಿ ಲ್ಯಾಪರೋಸ್ಕೋಪಿಯಲ್ಲಿ ಮುಗಿಸಿದ್ದರು. ರೋಗಿ ಆರೋಗ್ಯವಾಗಿದ್ದರು. ಲಾಗ್ ಬಿಡಿಸಿ ನೋಡಿದರೆ ಯಾವ ಭಾಗವೂ ಕೆಟ್ಟಿರಲಿಲ್ಲ. ಸರ್ಜನ್ ವೇಗವಾಗಿ ಕೈ ತಿರುಗಿಸಿದಾಗ ಗೇರ್ ಒಂದಿಷ್ಟು ಬಾಗಿ, ವ್ಯತ್ಯಾಸ 12 ಮಿಲಿಸೆಕೆಂಡ್ ಹೊತ್ತು ಮಿತಿ ದಾಟಿತ್ತು. ನಾನು ಇಟ್ಟ ಮಿತಿ 10. ಕೋಡ್ ನಾನು ಬರೆದ ಹಾಗೆಯೇ ನಡೆದಿತ್ತು, ಆದರೆ ಆ ರೋಗಿ ಅರಿವಳಿಕೆಯಲ್ಲಿ ಹೆಚ್ಚು ಹೊತ್ತು ಮಲಗಬೇಕಾಯಿತು. ಮಿತಿ ಬಿಗಿಯಾದರೆ ಸುಮ್ಮಸುಮ್ಮನೆ ನಿಲ್ಲುತ್ತದೆ, ಸಡಿಲವಾದರೆ ನಿಜವಾಗಿ ಕೆಟ್ಟಾಗ ನಿಲ್ಲುವುದು ತಡವಾಗುತ್ತದೆ. ಆ ಎರಡು ಅಂಕಿಗಳಿಗೆ ಕಾರಣ ಬರೆಯಲು ಮೆಕ್ಯಾನಿಕಲ್‌ನವರು, ಕಂಟ್ರೋಲ್‌ನವರು, ಸರ್ಜನ್ ಮೂವರ ಜೊತೆಗೂ ಮೂರು ತಿಂಗಳು ಕೂರಬೇಕಾಯಿತು. ರೋಬೋಟ್ ಅಂದರೇನೆಂದು ನನಗೆ ಅರ್ಥವಾದದ್ದು ಆ ಮೂರು ತಿಂಗಳಲ್ಲಿ.

ಟೆಸ್ಟಿಂಗ್ ಬಗ್ಗೆ ಒಂದು ಮಾತು. ಈ ಕ್ಷೇತ್ರದಲ್ಲಿ ವೆರಿಫಿಕೇಷನ್ ಎರಡನೇ ದರ್ಜೆಯ ಕೆಲಸವಲ್ಲ. ಮೋಟರ್ ಇಲ್ಲದೆ ಮೋಟರ್ ಇದ್ದಂತೆ ನಟಿಸುವ ರಿಗ್ ಕಟ್ಟಿ, ಎನ್‌ಕೋಡರ್ ತಂತಿಯನ್ನು ಬೇಕೆಂದೇ ಕಿತ್ತು, ಬ್ರೇಕ್ ಕಚ್ಚಲು ಎಷ್ಟು ಹೊತ್ತಾಯಿತೆಂದು ಅಳೆಯುವವರು ಇಡೀ ವ್ಯವಸ್ಥೆಯನ್ನು ನಮಗಿಂತ ಚೆನ್ನಾಗಿ ಬಲ್ಲರು. ಬರೀ ಚೆಕ್‌ಲಿಸ್ಟ್ ತುಂಬುವ ಟೆಸ್ಟಿಂಗ್ ಆದರೆ ಬೇಡ ಅನ್ನಿ.

ಇಂಟರ್‌ವ್ಯೂನಲ್ಲಿ ನೀವು ಕೇಳಬೇಕಾದದ್ದು

"ಇಡೀ ರೋಬೋಟ್ ಈ ಕಟ್ಟಡದಲ್ಲಿದೆಯೇ? ನೋಡಬಹುದೇ?" ಇದು ಮೊದಲು. ಗೋಪ್ಯತೆಯ ಕಾರಣಕ್ಕೆ ತೋರಿಸದಿರಬಹುದು, ಆದರೆ ಇದೆಯೋ ಇಲ್ಲವೋ ಎಂಬ ಉತ್ತರ ಬರಬೇಕು. "ಅಪಾಯದ ವಿಶ್ಲೇಷಣೆಯ ಮೀಟಿಂಗಿಗೆ ಫರ್ಮ್‌ವೇರ್‌ನವರನ್ನು ಕರೆಯುತ್ತೀರಾ?" ಕರೆಯುವುದಿಲ್ಲ ಅಂದರೆ, ನಾನು ಮೇಲೆ ಹೇಳಿದ ಪ್ರಶ್ನೆಗೆ ಉತ್ತರ ಬೇರೆ ಕಡೆ ಸಿದ್ಧವಾಗುತ್ತಿದೆ ಎಂದೇ ಅರ್ಥ. "ಕಳೆದ ವರ್ಷ ಎಂಜಿನಿಯರ್‌ಗಳು ಎಷ್ಟು ಸಲ ಓಟಿಗೆ ಹೋಗಿದ್ದರು?" ಈ ಪ್ರಶ್ನೆಗೆ ಎದುರಿನವರ ಮುಖ ಅರಳಿದರೆ ಒಳ್ಳೆಯ ಜಾಗ. ಆಸ್ಪತ್ರೆಯ ಲಾಗ್ ಯಾರ ಕೈಗೆ ಬರುತ್ತದೆ ಎಂದೂ ಕೇಳಿ. ಅದು ಸರ್ವಿಸ್ ವಿಭಾಗದಲ್ಲೇ ನಿಂತುಬಿಟ್ಟರೆ ನಿಮ್ಮ 10 ಮಿಲಿಸೆಕೆಂಡ್ ತಪ್ಪೆಂದು ನಿಮಗೆ ಎಂದೂ ಗೊತ್ತಾಗುವುದಿಲ್ಲ.

ನೀವೇನು ತೋರಿಸಬೇಕು? ಸರ್ಟಿಫಿಕೇಟಿಗಿಂತ ಒಂದು ಸಣ್ಣ ತೋಳು ಹೆಚ್ಚು ಮಾತಾಡುತ್ತದೆ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್.ಪಿ. ರೋಡಿಗೆ ಹೋಗಿ ಎರಡು ಬ್ರಷ್‌ಲೆಸ್ ಮೋಟರ್, ಎರಡು ಎನ್‌ಕೋಡರ್, ಒಂದು ಎಸ್‌ಟಿಎಂ32 ಮೈಕ್ರೋಕಂಟ್ರೋಲರ್ ಬೋರ್ಡ್ ತನ್ನಿ. ಎರಡು ಕೀಲಿನ ತೋಳು ಕಟ್ಟಿ. ಗುರುತ್ವವನ್ನು ಸರಿದೂಗಿಸುವ ಟಾರ್ಕ್ ಬರೆದು, ಬೆರಳಲ್ಲಿ ತಳ್ಳಿದರೆ ತೇಲುವ ಹಾಗೆ ಮಾಡಿ. ಲೂಪಿನ ಸಮಯ ಎಷ್ಟು ಏರುಪೇರಾಗುತ್ತದೆಂದು ಸ್ಕೋಪ್‌ನಲ್ಲಿ ಹಿಡಿಯಿರಿ. ಆಮೇಲೆ ತೋಳನ್ನು ಅಡ್ಡಕ್ಕೆ ಚಾಚಿ ನಿಲ್ಲಿಸಿ, ಓಡುತ್ತಿರುವಾಗಲೇ ಎನ್‌ಕೋಡರ್ ತಂತಿ ಕಿತ್ತುಬಿಡಿ. ನಿಮ್ಮ ಕೋಡಿಗೆ ಅದು ಗೊತ್ತಾಗಲು ಎಷ್ಟು ಮಿಲಿಸೆಕೆಂಡ್ ಹಿಡಿಯಿತು, ಅಷ್ಟರಲ್ಲಿ ತುದಿ ಎಷ್ಟು ಮಿಲಿಮೀಟರ್ ಜಾರಿತು ಎಂದು ಅಳೆದು ಬರೆದುಕೊಳ್ಳಿ. ಐವತ್ತು ಸಲ ಕಿತ್ತು ಐವತ್ತು ಅಂಕಿ ಬರೆದು, ಅದರಲ್ಲಿ ಅತಿ ಕೆಟ್ಟದ್ದಕ್ಕೆ ಗೆರೆ ಎಳೆಯಿರಿ. ಇಂಟರ್‌ವ್ಯೂ ಮೇಜಿನ ಮೇಲೆ ರೆಸ್ಯೂಮೆಗಿಂತ ಮೊದಲು ಆ ಹಾಳೆ ಇಡಿ.